ಖಾಡಿ ಅಣ್ಣನ ಬಿಳಿ ಪಟ್ಟಿ

ನನ್ನ ಮಗನನ್ನು ಹೊಳೆಯ ನಡುವೆ ಸಿಕ್ಕಿಸಿದವನು ಖಾಡಿ ಅಣ್ಣ. ಅಲ್ಲಿಂದ ಬಿಡಿಸಿ ತಂದವನೂ ಖಾಡಿ ಅಣ್ಣನೇ. ನಡೆದದ್ದು ಇಷ್ಟು. ಎರಡೂ ದಂಡೆಯ ಜನ ಈಗ ಎರಡನೆಯ ಮಾತನ್ನಷ್ಟೇ ಆಡುತ್ತಾರೆ, ಮೊದಲನೆಯದನ್ನು ನುಂಗಿ ನೀರು ಕುಡಿದಿದ್ದಾರೆ. ಈ ಬೇಸಿಗೆಯಲ್ಲಿ ಆತ ತೀರಿಕೊಂಡ. ಸತ್ತವರ ತಪ್ಪು ಎತ್ತಬಾರದು ಅನ್ನುತ್ತಾರೆ. ಆತ ಬದುಕಿದ್ದಾಗಲೂ ನಾನು ಎತ್ತಿದ್ದೆ, ಈಗಲೂ ಎತ್ತುತ್ತೇನೆ. ಆತನಿಗೇನೂ ಹೊಸದಲ್ಲ.

ಹೆಸರು ಬರೆಯುವುದಿಲ್ಲ. ಹೆಸರಿನ ಹಿಂದೆ ಅಡ್ಡಹೆಸರು ಬರುತ್ತದೆ, ಅಡ್ಡಹೆಸರಿನ ಹಿಂದೆ ಊರು ಬರುತ್ತದೆ, ಆಮೇಲೆ ನಮ್ಮವ ನಿಮ್ಮವ ಎಂಬ ಜಗಳ ಬರುತ್ತದೆ. ಎರಡು ದ್ವೀಪಗಳ ನಡುವೆ ಹಡಗು ಹಾಯುವ ಸಮುದ್ರದ ನೀರಿಗೆ ಆತ ಮರಾಠಿಯಲ್ಲಿ ಖಾಡಿ ಅನ್ನುತ್ತಿದ್ದ. ಬಾಯಿ ತೆರೆದರೆ ಅದೇ ಮಾತು. ಊರ ಹುಡುಗರು ಖಾಡಿ ಕಾಕಾ ಎಂದು ಕರೆದರು. ನನಗೆ ಅಣ್ಣನ ಸಮ, ಹಾಗಾಗಿ ಖಾಡಿ ಅಣ್ಣ.

ನಮ್ಮದು ದತ್ತವಾಡದ ಬದಿಯ ಸಣ್ಣ ಊರು. ದೂಧಗಂಗೆಯ ಈ ದಂಡೆ ಮಹಾರಾಷ್ಟ್ರ, ಆ ದಂಡೆ ಕರ್ನಾಟಕ. ಎರಡೂ ಕಡೆ ಮಾತು ಒಂದೇ, ಕಬ್ಬು ಒಂದೇ, ಬೀಗರೂ ಅವರವರೇ. ಬಸ್ಸಿನ ಬಣ್ಣ ಮಾತ್ರ ಬೇರೆ. ಕುರಿ ಕಾಯುವ ನಮ್ಮ ಮನೆತನಗಳಲ್ಲಿ ಹುಡುಗರು ಕುರಿಯ ಹಿಂದೆ ಹೋಗುತ್ತಾರೆ, ಇಲ್ಲವೇ ಇಚಲಕರಂಜಿಯ ಮಗ್ಗಕ್ಕೆ ಹೋಗುತ್ತಾರೆ. ಖಾಡಿ ಅಣ್ಣ ಮೀಸೆ ಮೂಡುವ ಮೊದಲೇ ಅಪ್ಪನ ಕೂಡ ಜಗಳಾಡಿ ಘಟ್ಟ ಇಳಿದು ಕೊಂಕಣಕ್ಕೆ ಓಡಿದ. ಅಲ್ಲಿಂದ ಹೇಗೋ ಅಂಡಮಾನದ ಕಡೆ ಹೋದ. ಸಮುದ್ರದೊಳಗಿನ ದ್ವೀಪಗಳ ಮೇಲೆ ದೀಪಸ್ತಂಭಗಳಿರುತ್ತವೆ, ಅವುಗಳಿಗೆ ಎಣ್ಣೆ, ಕುಡಿಯುವ ನೀರು, ಕಾಳುಕಡಿ ಒಯ್ಯುವ ಸರ್ಕಾರಿ ಲಾಂಚಿನಲ್ಲಿ ನೌಕರಿ. ತಲೆ ಬೆಳ್ಳಗಾದ ಮೇಲೆ ರಿಟೈರಾಗಿ ಊರಿಗೆ ಬಂದ. ಮಗನ ಮಗ್ಗ ಇಚಲಕರಂಜಿಯಲ್ಲಿ, ಮಗಳ ಮನೆ ಗಡಹಿಂಗ್ಲಜದಲ್ಲಿ. ಎರಡೂ ಕಡೆ ಕರೆದರು. ಹೊಳೆ ಕಾಣದ ಊರಲ್ಲಿ ಉಸಿರು ಕಟ್ಟುತ್ತದೆ ಎಂದು ಇಲ್ಲೇ ಉಳಿದ.

ಕಾಲು ಅಗಲಿಸಿ ನಡೆಯುತ್ತಿದ್ದ, ನೆಲ ಅಲ್ಲಾಡುತ್ತಿದೆಯೋ ಏನೋ ಎಂಬಂತೆ. ಹೊಳೆಗೆ ಬೆನ್ನು ಕೊಟ್ಟು ಎಂದೂ ಕೂತವನಲ್ಲ. ಮದುವೆಯ ಪಂಗತಿಯಲ್ಲೂ ಎದ್ದು ಜಾಗ ಬದಲಿಸುತ್ತಿದ್ದ. ಎದುರಿಗೆ ಸಿಕ್ಕವರಿಗೆ ಆರೋಗ್ಯ ಕೇಳುವ ಬದಲು "ಪಾಣೀ ಕಸಂ ಹಾಯ?" ಎಂದು ಕೇಳುತ್ತಿದ್ದ. ನೀರು ಹೇಗಿದೆ ಅಂತ. ಬಾವಿಯೂ ಇಲ್ಲದವರ ಮನೆಗೆ ಹೋದರೂ ಅದೇ ಪ್ರಶ್ನೆ.

ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬಂದ. ತಾಟಿನ ತುಂಬ ಸಾರು ಹಾಕಿಸಿಕೊಂಡು ರೊಟ್ಟಿ ಮುರಿದು ಎರಡು ತುಂಡು ತೇಲಿಬಿಟ್ಟ.

"ಇಲ್ನೋಡ ತಂಗೆವ್ವಾ. ಇದು ಮ್ಯಾಲಿನ ದ್ವೀಪ, ಇದು ತೆಳಗಿಂದು. ನಡುವ ಖಾಡಿ. ಇದರಾಗ ಜಗತ್ತಿನ ಹಡಗೆಲ್ಲಾ ಹಾಯತಾವು. ಚೀನಾದ್ದು ಬರಲಿ, ಜಪಾನದ್ದು ಬರಲಿ, ಹಾಯಾಕ ಯಾರೂ ಬ್ಯಾಡ ಅನ್ನಂಗಿಲ್ಲ. ನಿಂತರ ಮಾತ್ರ ಯಾಕ ನಿಂತಿ ಅಂತ ಕೇಳತಾರ."

"ದ್ವೀಪ ಯಾರದ್ರಿ ಮತ್ತ?"

"ಕಾಗದದಾಗ ಸರ್ಕಾರದ್ದು. ಖರೇ ಕೇಳಿದ್ರ ದೀಪ ಹಚ್ಚಾಂವಂದು. ಮನಶ್ಯಾ ಇಲ್ಲದ ದ್ವೀಪಕ್ಕೂ ದೀಪ ಬೇಕವ್ವಾ. ಹಚ್ಚಾಕ ಒಬ್ಬಾಂವ ಬೇಕ ಬೇಕು."

"ಸಾರು ಆರತೈತಿ ಅಣ್ಣಾರ. ನಿಮ್ಮ ದ್ವೀಪ ತಿಂದು ಮುಗಸ್ರಿ."

ಮೊದಲು ಕೆಳಗಿನ ದ್ವೀಪ ತಿಂದ, ಆಮೇಲೆ ಮೇಲಿನದು. ಕೊನೆಗೆ ತಾಟು ಎತ್ತಿ ಖಾಡಿಯನ್ನೂ ಕುಡಿದ. ನನ್ನ ಸೊಸೆ ನಕ್ಕೂ ನಕ್ಕೂ ಒಲೆಯ ಮೇಲಿನ ರೊಟ್ಟಿ ಸುಟ್ಟಳು.

ಇಂಥ ಮನುಷ್ಯನ ಕೈಗೆ ಊರವರು ನಮ್ಮ ಗಡ್ಡಿಯನ್ನು ಕೊಟ್ಟರು.

ಗಡ್ಡಿ ಅಂದರೆ ನಡುಗಡ್ಡೆ. ಸೇತುವೆ ದಾಟಿ ಸ್ವಲ್ಪ ಕೆಳಗೆ ಹೊಳೆ ಎರಡಾಗಿ ಸೀಳಿ ಮುಂದೆ ಮತ್ತೆ ಕೂಡುತ್ತದೆ. ನಡುವೆ ಉಳಿದ ಉದ್ದನೆಯ ದಿಬ್ಬವೇ ಗಡ್ಡಿ. ಒಳ್ಳೆಯ ಹುಲ್ಲು. ಬೇಸಿಗೆಯಲ್ಲಿ ಎಲ್ಲ ಕಡೆ ನೆಲ ಬಿರಿದಾಗಲೂ ಅಲ್ಲಿ ಹಸಿರು. ಈ ರಾಜ್ಯದ ನಕಾಶೆ ಒಂದು ಹೇಳುತ್ತದೆ, ಆ ರಾಜ್ಯದ ನಕಾಶೆ ಇನ್ನೊಂದು ಹೇಳುತ್ತದೆ. ಹೊಳೆ ಎರಡನ್ನೂ ಓದಿಲ್ಲ. ಒಂದು ವರ್ಷ ಜೋರು ಹರಿವು ನಮ್ಮ ಕಡೆ ಇರುತ್ತದೆ, ಇನ್ನೊಂದು ವರ್ಷ ಅವರ ಕಡೆ.

ಅದಕ್ಕೆ ಹಿರಿಯರು ಒಂದು ಪದ್ಧತಿ ಮಾಡಿಟ್ಟಿದ್ದರು. ಮಳೆಗಾಲ ಮುಗಿದು ಶೀಗಿ ಹುಣ್ಣಿಮೆ ಬಂದ ದಿನ ಎರಡೂ ದಂಡೆಯವರು ಸೇತುವೆಯ ಹತ್ತಿರ ಕೂಡಬೇಕು. ಹೊಸ ಬಿದಿರುಬುಟ್ಟಿಯಲ್ಲಿ ಕಡಬು, ಕಾಯಿ, ದೀಪ ಇಟ್ಟು ನಡುಹೊಳೆಗೆ ಬಿಡಬೇಕು. ಬುಟ್ಟಿ ಯಾವ ಕಡೆಯಿಂದ ಹರಿದು ಹೋಯಿತೋ ಆ ಕಡೆ ತಾಯಿಹರಿವು. ಗಡ್ಡಿ ಎದುರು ದಂಡೆಗೆ ಸೇರಿತು, ಆ ವರ್ಷದ ಮಟ್ಟಿಗೆ. ಹುಲ್ಲು ಅವರದು. ಹೊಣೆಯೂ ಅವರದು. ಗಡ್ಡಿಗೆ ಯಾವ ಊರಿನ ಕುರಿ ಹೋಗಲಿ, ಯಾವ ಊರಿನ ಮನುಷ್ಯ ಹೋಗಲಿ, ಮಳೆಗಾಲ ಸುರುವಾಗುವ ಮಿರಗದ ಮಳೆಗೆ ಮೊದಲು ಎಲ್ಲರನ್ನೂ ಕೂಗಿ ಇಳಿಸುವುದು, ಅಲ್ಲಿವರೆಗೆ ಒಂದು ದೊಡ್ಡ ಕೊಪ್ಪರಿಗೆ ದಂಡೆಗೆ ಕಟ್ಟಿಡುವುದು ಅವರ ಕೆಲಸ. ಬೆಲ್ಲ ಕಾಯಿಸುವ ಕೊಪ್ಪರಿಗೆಯೇ ನಮ್ಮಲ್ಲಿ ದೋಣಿ. ನೆರೆ ಬಂದಾಗ ಅಜ್ಜಂದಿರ ಕಾಲದಿಂದ ಅದರಲ್ಲೇ ಹೊಳೆ ದಾಟಿದ್ದೇವೆ. ಖಾಡಿ ಅಣ್ಣ ಅದನ್ನು ಕಂಡರೆ ಮೂಗು ಮುರಿಯುತ್ತಿದ್ದ. "ಇದು ಅಡಗಿ ಭಾಂಡೆ, ದೋಣಿ ಅಲ್ಲ" ಅನ್ನುತ್ತಿದ್ದ.

ಬುಟ್ಟಿ ನೋಡಿ ತೀರ್ಪು ಹೇಳಲು ಒಬ್ಬ ಹಿರಿಯ ಬೇಕು. ಹಳಬರು ಹೋದ ಮೇಲೆ ಖಾಡಿ ಅಣ್ಣನನ್ನು ಕೂರಿಸಿದರು. ಆತನ ಮನೆ ಈ ದಂಡೆಯಲ್ಲಿ, ಹೆಂಡತಿಯ ತವರು ಆ ದಂಡೆಯಲ್ಲಿ. ಎರಡೂ ಕಡೆ ಊಟ ಸಿಗುವವನು ಪಕ್ಷಪಾತ ಮಾಡಲಾರ ಎಂದು ಜನರ ಲೆಕ್ಕ. ಆತ ಖುಷಿಯಿಂದ ಒಪ್ಪಿದ. ಹಳೆಯ ಬೋರಿನ ಕಬ್ಬಿಣದ ಪೈಪು ತಂದು ಗಡ್ಡಿಯ ನೆತ್ತಿಯಲ್ಲಿ ಹುಗಿಸಿದ. ತೊಡೆಯ ಮಟ್ಟಕ್ಕೆ ಒಂದು ಬಿಳಿ ಪಟ್ಟಿ, ಅದರ ಮೇಲೆ ಕೈಯೆತ್ತಿದಷ್ಟು ಎತ್ತರಕ್ಕೆ ಒಂದು ಕೆಂಪು ಪಟ್ಟಿ.

"ಇದು ನನ್ನ ದೀಪಸ್ತಂಭ. ನೀರು ಬಿಳಿ ಮುಟ್ಟಿತು ಅಂದ್ರ ಕುರಿ ಹೊಡಕೊಂಡ ಬರ್ರಿ. ಕೆಂಪು ಮುಟ್ಟಿತು ಅಂದ್ರ ಕುರಿ ಬಿಟ್ಟು ಬರ್ರಿ."

ನೋಡಲು ಚೆಂದವಿತ್ತು. ಪಟ್ಟಿ ಎತ್ತರವಾಯಿತೋ ಗಿಡ್ಡವಾಯಿತೋ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆ ವರ್ಷದ ಶೀಗಿ ಹುಣ್ಣಿಮೆಗೆ ಬುಟ್ಟಿ ಬಿಟ್ಟಾಗ ಅದು ಆ ಕಡೆಗೂ ಹೋಗಲಿಲ್ಲ, ಈ ಕಡೆಗೂ ಹೋಗಲಿಲ್ಲ. ನೇರ ಹೋಗಿ ಗಡ್ಡಿಯ ತುದಿಯ ಜಾಲಿಮುಳ್ಳಿಗೆ ಸಿಕ್ಕಿ ನಿಂತಿತು. ದೀಪ ಉರಿಯುತ್ತಲೇ ಇತ್ತು. ಎರಡೂ ದಂಡೆಯವರು ಬಾಯಿ ತೆರೆದು ಖಾಡಿ ಅಣ್ಣನ ಮುಖ ನೋಡಿದರು.

ಆ ದಂಡೆಯ ಲಕ್ಕವ್ವ ಮುಂದೆ ಬಂದಳು. ಅವಳೂ ಕುರಿ ಕಾಯುವವಳು, ಗಂಡನಿಲ್ಲದವಳು, ನಾಲಿಗೆ ನನ್ನದಕ್ಕಿಂತ ಒಂದು ಗೇಣು ಉದ್ದ. ಆತ ಅವಳೂರಿನ ಅಳಿಯನಾದ್ದರಿಂದ ಮಾಮಾ ಅನ್ನುತ್ತಿದ್ದಳು.

"ಮಾಮಾ, ಇದು ಹೊಳಿ ಮಾತಲ್ಲ, ಜಾಲಿ ಮಾತು. ಇನ್ನೊಂದು ಬುಟ್ಟಿ ಬಿಡ್ರಿ."

"ಹೊಳಿ ಒಮ್ಮೆ ಮಾತಾಡತೈತಿ ಲಕ್ಕವ್ವಾ. ತಿರುಗಿ ಕೇಳಬಾರದು," ಎಂದ ಆತ. ಟೊಪ್ಪಿಗೆ ಸರಿ ಮಾಡಿಕೊಂಡ. "ಸಮುದ್ರದಾಗ ಯಾವ ಸರ್ಕಾರದ್ದೂ ಅಲ್ಲದ ಬಂಡಿಗಲ್ಲು ನಾ ನೋಡೇನಿ. ಈ ವರ್ಷ ಗಡ್ಡಿ ಯಾರದೂ ಅಲ್ಲ. ಯಾರ ಬೇಕಾದ್ರೂ ಮೇಸ್ರಿ."

ಜನ ಚಪ್ಪಾಳೆ ತಟ್ಟಿದರು. ಯಾರೂ ಸೋಲಲಿಲ್ಲ ಅಂದರೆ ಎಲ್ಲರಿಗೂ ಸಂತೋಷವೇ. ಎರಡೂ ದಂಡೆಯ ಕುರಿಗಳು ಗಡ್ಡಿ ಏರಿದವು. ನನ್ನ ಮಗ ಬೀರಪ್ಪನೂ ನಮ್ಮ ಹಿಂಡು ಹೊಡೆದುಕೊಂಡು ಹೋದ. ಹುಲ್ಲಿನ ಮಾತು ಎಲ್ಲರೂ ಆಡಿದರು. ಕೊಪ್ಪರಿಗೆ ಯಾರು ಕಟ್ಟಬೇಕು ಎಂಬ ಮಾತು ಯಾರೂ ಆಡಲಿಲ್ಲ. ಯಾರದೂ ಅಲ್ಲದ ಗಡ್ಡಿಗೆ ಯಾರು ಕಟ್ಟುತ್ತಾರೆ?

ಮಿರಗ ಬಂತು, ಮಳೆ ಬರಲಿಲ್ಲ. ಬೇರೆ ವರ್ಷವಾಗಿದ್ದರೆ ಗಡ್ಡಿಯ ಒಡೆಯರು ಮಳೆ ಬರಲಿ ಬಿಡಲಿ ದಂಡೆಗೆ ನಿಂತು ಎಲ್ಲರನ್ನೂ ಇಳಿಸುತ್ತಿದ್ದರು. ಆ ವರ್ಷ ಕೂಗುವವರೇ ಇಲ್ಲ. ನಮ್ಮವರು ಅವರು ಕೂಗಲಿ ಎಂದರು, ಅವರು ನಮ್ಮ ಕಡೆ ನೋಡಿದರು. ಹೆಚ್ಚಿನವರು ತಾವಾಗಿ ಇಳಿದರು. ಇನ್ನೂ ಹಸಿರು ಉಳಿದಿದೆ ಎಂದು ಕೊನೆಯವರೆಗೂ ನಿಂತದ್ದು ಇಬ್ಬರೇ, ನನ್ನ ಮಗ ಮತ್ತು ಲಕ್ಕವ್ವ.

ಆಷಾಢದ ಒಂದು ಬೆಳಿಗ್ಗೆ ಚೆನ್ನಾಗಿ ಬಿಸಿಲು ಬಿದ್ದಿತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ. ಬೀರಪ್ಪನ ಫೋನು ಬಂತು.

"ಅವ್ವಾ, ಹೊಳಿ ಏರಾಕತ್ತೈತಿ."

"ಮಳಿ ಎಲ್ಲೈತಿ?"

"ಮ್ಯಾಲ ಘಟ್ಟದಾಗ ಆಗಿರಬೇಕು. ಡ್ಯಾಮಿನ ನೀರು ಬಿಟ್ಟಾರಂತ. ಕಂಬದ ಬುಡಕ್ಕ ಬಂದೈತಿ."

"ಮತ್ತ ಇಳೀಬೇಕಿಲ್ಲೋ?"

"ಖಾಡಿ ಕಾಕಾ ಬಿಳಿ ಮುಟ್ಟೂತನಕ ಹೆದರಬ್ಯಾಡ್ರಿ ಅಂದಾನಲ್ಲ. ಬಿಳಿ ಇನ್ನೂ ಭಾಳ ಮ್ಯಾಲೈತಿ."

ನಾನು ಹಿಟ್ಟಿನ ಕೈಯಲ್ಲೇ ದಂಡೆಗೆ ಓಡಿದೆ. ನಾವು ನಡೆದು ದಾಟುತ್ತಿದ್ದ ಸಣ್ಣ ಹರಿವು ಕಾಣಲೇ ಇಲ್ಲ. ದಂಡೆಯಿಂದ ಗಡ್ಡಿಯವರೆಗೆ ಒಂದೇ ಕೆಂಪು ನೀರು, ಸದ್ದಿಲ್ಲದೆ ಹೋಗುತ್ತಿತ್ತು. ಕೆಳಗಡೆ ಕೃಷ್ಣೆಯೂ ತುಂಬಿದ್ದಳು, ನಮ್ಮ ಹೊಳೆಯನ್ನು ಒಳಗೆ ಬಿಟ್ಟುಕೊಳ್ಳದೆ ಹಿಂದಕ್ಕೆ ದಬ್ಬುತ್ತಿದ್ದಳು. ಗಡ್ಡಿಯ ದಿಬ್ಬ ಎತ್ತರ, ದಾಟುವ ಜಾಗ ತಗ್ಗು. ಕಂಬದ ಬುಡ ಒದ್ದೆಯಾಗುವ ಹೊತ್ತಿಗೆ ದಾಟುವ ಜಾಗದಲ್ಲಿ ಕುರಿಯ ಕೊರಳಿಗೆ ಬರುವಷ್ಟು ನೀರು. ಬಿಳಿಗೆ ಬರುವ ಹೊತ್ತಿಗೆ ಆನೆಯೂ ಮುಳುಗುತ್ತದೆ. ಇದು ಆ ದಿನ ದಂಡೆಗೆ ನಿಂತ ಎಲ್ಲರ ಕಣ್ಣಿಗೂ ಕಂಡಿತು. ಅದಕ್ಕೆ ಮೊದಲು ಒಬ್ಬರಿಗೂ ಕಂಡಿರಲಿಲ್ಲ.

ಖಾಡಿ ಅಣ್ಣ ಕಟ್ಟೆಯ ಮೇಲೆ ಹೊಳೆಗೆ ಮುಖ ಮಾಡಿ ಕೂತು ಚಹಾ ಬಸಿಯಲ್ಲಿ ಹಾಕಿಕೊಂಡು ಊದುತ್ತಿದ್ದ.

"ಕುಂದರವ್ವಾ. ಸಂಜಿಮಟಾ ಇಳೀತೈತಿ."

"ನಿಮ್ಮ ಸಮುದ್ರ ಇಳೀತೈತ್ರಿ ಅಣ್ಣಾರ. ಬಂದ ನೀರನ್ನ ವಾಪಸ್ ಕರಕೊಂಡ ಹೋಗತೈತಿ. ಇದು ಹೊಳಿ. ಇದಕ್ಕ ಆ ರೂಢಿ ಇಲ್ಲ."

"ಬಿಳಿ ಮುಟ್ಟೇತೇನ?"

"ಬಿಳಿ ಹಚ್ಚಾಂವ ನೀವು, ಮುಳುಗಾಂವ ನನ್ನ ಮಗ. ಎದ್ದು ನೋಡ್ರಿ."

ಆತ ಎದ್ದು ನೋಡಿದ. ಬಸಿ ಕೆಳಗಿಟ್ಟ. ಮೊದಲು ಈ ಕಡೆಯ ತಾಲೂಕು ಸಾಹೇಬರಿಗೆ ಫೋನು ಹಚ್ಚಿದ. ಎಲ್ಲರಿಗೂ ಕೇಳಲಿ ಎಂದು ದೊಡ್ಡ ಆವಾಜಿಗೆ ಇಟ್ಟಿದ್ದ. ಆ ಸಾಹೇಬರು ಮರಾಠಿಯಲ್ಲಿ, ಗಡ್ಡಿ ತಮ್ಮ ನಕಾಶೆಯಲ್ಲಿ ಬರುವುದಿಲ್ಲ, ಬೋಟು ಕೊಲ್ಹಾಪುರದಿಂದ ಬರಬೇಕು, ಆ ಕಡೆಯವರಿಗೆ ಕೇಳಿರಿ ಎಂದರು. ಆ ಕಡೆಯ ಸಾಹೇಬರಿಗೆ ಹಚ್ಚಿದ. ಅವರು ಎಲ್ಲ ಸಾವಕಾಶ ಕೇಳಿಕೊಂಡರು. ಕೊನೆಗೆ ಒಂದು ಮಾತು ಹೇಳಿದರು.

"ಆ ಗಡ್ಡಿ ಈ ವರ್ಷ ಯಾರದೂ ಅಲ್ಲ ಅಂತ ನೀವ ತೀರ್ಪು ಕೊಟ್ಟೀರಂತಲ್ರಿ, ಯಜಮಾನರ?"

ಖಾಡಿ ಅಣ್ಣನ ಮುಖ ನೋಡಿದೆ. ಬಿಸಿಲಲ್ಲಿ ಸುಟ್ಟು ಕಪ್ಪಾದ ಮುಖ, ಅದು ಬಿಳುಚಿದ್ದನ್ನು ನಾನು ನೋಡಿದ್ದು ಆ ದಿನ ಮಾತ್ರ. ಫೋನು ಇಟ್ಟ. ಚಪ್ಪಲಿ ಮೆಟ್ಟುವುದು ಮರೆತು ಹಾಗೇ ಹೊರಟ.

ಆಮೇಲೆ ಆತ ತಡ ಮಾಡಲಿಲ್ಲ, ಅದನ್ನೂ ಹೇಳಬೇಕು. ಗಾಣದ ಮನೆಯಿಂದ ಕೊಪ್ಪರಿಗೆ ತರಿಸಿದ. ಟ್ರ್ಯಾಕ್ಟರಿಗೆ ಕಬ್ಬು ಬಿಗಿಯುವ ಹಗ್ಗಗಳನ್ನೆಲ್ಲ ಗಂಟು ಹಾಕಿ ಎರಡು ಉದ್ದ ಹಗ್ಗ ಮಾಡಿಸಿದ. ಒಂದೇ ದಂಡೆಯಿಂದ ಹಗ್ಗ ಹಿಡಿದರೆ ನೀರು ಕೊಪ್ಪರಿಗೆಯನ್ನು ಆ ದಂಡೆಗೇ ತಂದು ಬಡಿಯುತ್ತದೆ. ಎರಡು ದಂಡೆಯಿಂದ ಎರಡು ಹಗ್ಗ ಬೇಕು. ಇವರು ಬಿಟ್ಟಷ್ಟು ಅವರು ಎಳೆಯಬೇಕು. ಆಗ ಅದು ನಡುಹೊಳೆಯಲ್ಲಿ ನಿಂತು ಸಾವಕಾಶ ಗಡ್ಡಿಗೆ ಇಳಿಯುತ್ತದೆ. ನಮ್ಮ ದಂಡೆಯಲ್ಲಿ ಜನ ಸಾಲುಗಟ್ಟಿ ಹಗ್ಗ ಹಿಡಿದರು. ಇನ್ನೊಂದು ಹಗ್ಗದ ತುದಿಯನ್ನು ಸೇತುವೆಯ ಮೇಲಿಂದ ಆ ಕಡೆಗೆ ಒಯ್ದರು. ಆ ದಂಡೆಯಲ್ಲೂ ಜನ ನಿಂತಿದ್ದರು. ಆದರೆ ಹಗ್ಗಕ್ಕೆ ಯಾರೂ ಕೈ ಹಚ್ಚಲಿಲ್ಲ.

ಅವರ ಗೌಡ ಕೂಗಿ ಹೇಳಿದ, "ಕಾಕಾ, ಇವತ್ತ ಹಗ್ಗ ಹಿಡದ್ರ ನಾಳೆ ಗಡ್ಡಿ ನಿಮ್ಮದ ಅಂತಾರ. ಸತ್ತದ್ದಕ್ಕ, ಕೆಟ್ಟದ್ದಕ್ಕ ನೀವ ಹೊಣಿ ಅಂತಾರ. ನಮ್ಮ ಸಾಹೇಬರು ಬ್ಯಾಡ ಅಂದಾರ."

ನಮ್ಮವನೊಬ್ಬ ತಿರುಗಿ ಕೂಗಿದ, "ಲಕ್ಕವ್ವ ನಿಮ್ಮಾಕಿ ಅಲ್ಲೇನೋ?"

"ಬೀರಪ್ಪ ನಿಮ್ಮಾಂವ ಅಲ್ಲೇನು? ನೀವ ಹಿಡೀರಿ ಎರಡೂ ಹಗ್ಗ!"

ಗಡ್ಡಿಯ ಮೇಲೆ ಕಂಬ ಕಾಣುತ್ತಿತ್ತು. ಅದರ ಸುತ್ತ ಬೆಳ್ಳಗೆ, ಕಪ್ಪಗೆ ಕುರಿಗಳು ಒತ್ತಿಕೊಂಡು ನಿಂತಿದ್ದವು. ನಡುವೆ ಇಬ್ಬರು. ನೀರು ಬಿಳಿ ಪಟ್ಟಿಯ ಹತ್ತಿರ ಬಂದಿತ್ತು, ಮರಿಗಳನ್ನು ಹೆಗಲ ಮೇಲೆ ಹೊತ್ತಿದ್ದರು. ನನಗೆ ದೇವರ ನೆನಪಾಗಲಿಲ್ಲ. ಎರಡೂ ದಂಡೆಯವರನ್ನು ಬೈಯುವ ಮಾತುಗಳೇ ನೆನಪಾದವು, ಎಲ್ಲವನ್ನೂ ಬೈದೆ.

ಖಾಡಿ ಅಣ್ಣ ಸೇತುವೆಯ ನಟ್ಟನಡುವೆ ಹೋಗಿ ನಿಂತ. ಟೊಪ್ಪಿಗೆ ತೆಗೆದ. ಲಾಂಚಿನಲ್ಲಿ ಕೂಗಿ ಅಭ್ಯಾಸವಿದ್ದ ಗಂಟಲು, ಎರಡೂ ದಂಡೆಗೆ ಕೇಳಿಸಿತು.

"ಗಡ್ಡಿ ಯಾರದೂ ಅಲ್ಲ ಅಂದದ್ದು ತಪ್ಪು. ನನ್ನ ತಪ್ಪು. ತೀರ್ಪು ಬದಲ ಮಾಡೇನಿ, ಕೇಳ್ರಿ. ಗಡ್ಡಿ ಇಬ್ಬರದೂ ಐತಿ. ಹುಲ್ಲೂ ಇಬ್ಬರದು, ಹಗ್ಗಾನೂ ಇಬ್ಬರದು. ಯಾಂವ ಕೈ ಬಿಡತಾನೋ ಅಂವ ಎರಡೂ ಊರಿಗೆ ಹೊರಗ. ಈಗ ನಾ ಇಳೀತೇನಿ. ಮುಳುಗಿಸೂದಿದ್ರ ನನ್ನ ಮೊದಲ ಮುಳುಗಸ್ರಿ."

ಅಷ್ಟು ಹೇಳಿ ಇಳಿದು ಬಂದು ಕೊಪ್ಪರಿಗೆಯಲ್ಲಿ ಕೂತೇಬಿಟ್ಟ. ಊರ ಅಳಿಯ ನೀರಿಗೆ ಇಳಿದ ಮೇಲೆ ಆ ಗೌಡ ಏನು ಮಾಡುತ್ತಾನೆ? ಬೈಯುತ್ತಲೇ ಹಗ್ಗ ಎತ್ತಿದ. ಅವನ ಹಿಂದೆ ಆ ದಂಡೆ ಎಲ್ಲ ಬಂತು.

ಅಡಗಿ ಭಾಂಡೆ ಎಂದು ಮೂಗು ಮುರಿದ ಪಾತ್ರೆ ಆತನನ್ನು ಬುಗುರಿಯ ಹಾಗೆ ತಿರುಗಿಸಿತು. ಒಂದು ಸಲ ಮುಖ ನಮ್ಮ ಕಡೆ, ಒಂದು ಸಲ ಬೆನ್ನು. ಹೊಳೆಗೆ ಬೆನ್ನು ಕೊಡದ ಮನುಷ್ಯ, ಸುತ್ತಲೂ ಹೊಳೆಯಾದ ಮೇಲೆ ಯಾವುದಕ್ಕೆ ಬೆನ್ನು ಕೊಡುವುದು? ಗಡ್ಡಿಗೆ ಮುಟ್ಟಿದಾಗ ನೀರು ಬಿಳಿ ದಾಟಿತ್ತು.

ಅಲ್ಲಿ ಏನಾಯಿತು ಎಂದು ಲಕ್ಕವ್ವ ಆಮೇಲೆ ಹೇಳಿದಳು. ಅವಳು ಬೈಯುತ್ತಲೇ ಹತ್ತಿದಳಂತೆ, ಮಡಿಲಲ್ಲಿ ಒಂದು ಮರಿ. ಬೀರಪ್ಪ ಹತ್ತಲಿಲ್ಲ. ಕುರಿ ಬಿಟ್ಟು ಬರುವುದಿಲ್ಲ ಎಂದು ಕಂಬ ತಬ್ಬಿ ನಿಂತುಬಿಟ್ಟ. ದಂಡೆಯಿಂದ ನಾನು ಫೋನಿನಲ್ಲಿ ಅರಚುತ್ತಿದ್ದೆ. "ಕುರಿ ಮತ್ತ ಹುಟ್ಟತಾವಲೇ ಬೀರ್ಯಾ, ನಿನ್ನ ನಾ ಎಲ್ಲಿಂದ ಹಡೀಲಿ? ಹತ್ತ!" ಅವನ ಕಡೆಯಿಂದ ಕುರಿ ಒದರುವುದಷ್ಟೇ ಕೇಳುತ್ತಿತ್ತು.

ಆಗ ಖಾಡಿ ಅಣ್ಣ ಕೊಪ್ಪರಿಗೆ ಬಿಟ್ಟು ನೀರಿಗೆ ಇಳಿದು, ಅವನ ಬದಿಗೆ ಹೋಗಿ ತಾನೂ ಕಂಬ ಹಿಡಿದ.

"ಹಂಗಾರ ನಾನೂ ನಿಂದರತೇನಿ ತಮ್ಮಾ. ನನಗೇನ, ಆಯುಷ್ಯ ಮುಗದೈತಿ. ಖರೇ ನಿಮ್ಮವ್ವ ಅದಾಳಲ್ಲ, ನಮ್ಮಿಬ್ಬರ ಹೆಣಾನೂ ಬೈಕೋತ ಎತ್ತತಾಳ ನೋಡ. ಸತ್ತ ಮ್ಯಾಲೂ ಬೈಸಿಕೊಳ್ಳೂದು ನನಗ ಬ್ಯಾಡಾಗಿತ್ತು."

ಬೀರಪ್ಪನಿಗೆ ಅಳುವಿನ ನಡುವೆ ನಗು ಬಂತಂತೆ. ನಗು ಬಂದ ಕೂಡಲೇ ಕೈ ಸಡಿಲಾಯಿತು. ಆತ ಅವನ ರಟ್ಟೆ ಹಿಡಿದು ಕೊಪ್ಪರಿಗೆಯೊಳಗೆ ಕೆಡವಿದ.

ಆ ದಿನ ಗಡ್ಡಿಗೆ ಹತ್ತಿರವಿದ್ದದ್ದು ಆ ಕಡೆಯ ದಂಡೆ. ಹಾಗಾಗಿ ಅವರು ಎಳೆಯಬೇಕು, ನಾವು ಬಿಡಬೇಕು. ನನ್ನ ಮಗನನ್ನು ಕಟ್ಟಿದ ಹಗ್ಗವನ್ನು ನಾವೇ ಸಡಿಲ ಬಿಡಬೇಕು. ಆ ಹೊತ್ತು ಎಂಥದ್ದೆಂದು ನಾನು ಬರೆಯಲಾರೆ. ನಮ್ಮವರಿಗೂ ಬಿಡಲು ಕೈ ಬರಲಿಲ್ಲ, ಹಿಡಿದೇ ನಿಂತರು. ಎರಡೂ ಕಡೆಯ ಎಳೆತಕ್ಕೆ ಕೊಪ್ಪರಿಗೆಯ ಕಡಗಕ್ಕೆ ಹಾಕಿದ್ದ ಆ ದಂಡೆಯ ಗಂಟು ಬಿಚ್ಚಿತು. ಖಾಡಿ ಅಣ್ಣ ಹಾರಿ ಆ ಹಗ್ಗವನ್ನು ಅಂಗೈಗೆ ಸುತ್ತಿಕೊಂಡ. ನಾನು ನಮ್ಮವರ ಕೈಮೇಲೆ ಹೊಡೆಯುತ್ತ ಕೂಗಿದೆ, "ಬಿಡ್ರೋ, ಬಿಡ್ರಿ, ಅವರು ಎಳಕೊಳ್ಳಲಿ!" ಬಿಟ್ಟರು. ಕೊಪ್ಪರಿಗೆ ಓರೆಯಾಗಿ ಹೋಗಿ ಆ ದಂಡೆಯ ಕಬ್ಬಿನೊಳಗೆ ನುಗ್ಗಿತು. ನನ್ನ ಮಗ ಆ ರಾಜ್ಯದಲ್ಲಿ ಇಳಿದ, ನಾನು ಈ ರಾಜ್ಯದಲ್ಲಿ ನಿಂತು ನೋಡಿದೆ. ಸೇತುವೆಗೆ ಅಡ್ಡಹಾಕಿದ್ದ ಪೊಲೀಸ ಹೋಗಬ್ಯಾಡ ಆಯೀ ಎಂದ. ಅವನನ್ನು ದಬ್ಬಿ ಹೋದೆ.

ಕುರಿಗಳು ಉಳಿಯಲಿಲ್ಲ. ನೀರು ಕೆಂಪು ಪಟ್ಟಿಗೆ ಬರುವ ಮೊದಲೇ ಒದರುವುದು ನಿಂತಿತ್ತು. ಒಂದಿಷ್ಟು ತೇಲಿ ಹೋಗಿ ಆ ದಂಡೆಯ ಕಬ್ಬಿನಲ್ಲಿ ಸಿಕ್ಕಿ ಬದುಕಿದವು. ಬೆನ್ನಿಗೆ ಹಚ್ಚಿದ ಗುರುತಿನ ಬಣ್ಣ ನೋಡಿ ನಮ್ಮವನ್ನು ನಮಗೆ ಕೊಟ್ಟರು.

ಖಾಡಿ ಅಣ್ಣನ ಬಲಗೈ ಅಲ್ಲಿಂದ ಮುಚ್ಚಲಿಲ್ಲ. ಹಗ್ಗ ಅಂಗೈಯ ಒಳಗನ್ನು ತಿಂದುಬಿಟ್ಟಿತ್ತು. ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ, ಚಹಾದ ಬಸಿಯನ್ನು ಬಿಚ್ಚಿದ ಅಂಗೈಯ ಮೇಲಿಟ್ಟು ಕುಡಿಯುತ್ತಿದ್ದ. ಶೋಕಸಭೆಯಲ್ಲಿ ಒಬ್ಬರು "ಸದಾ ತೆರೆದ ಕೈಯ ದಾನಿ" ಎಂದರು. ದಾನವಲ್ಲ, ಹಗ್ಗ.

ಆಮೇಲೆ ಆತ ತೀರ್ಪು ಹೇಳಲು ಕೂರಲಿಲ್ಲ. ಬುಟ್ಟಿ ಈಗಲೂ ಬಿಡುತ್ತೇವೆ, ಪೂಜೆಗೆ ಅಷ್ಟೇ. ಕೊಪ್ಪರಿಗೆ ಮಾತ್ರ ಎರಡೂ ದಂಡೆಗೆ ಒಂದೊಂದು ಕಟ್ಟುತ್ತಾರೆ. ಅದು ಆತನಿಂದ ಆದ ಒಳ್ಳೆಯ ಕೆಲಸ, ಇಲ್ಲ ಅನ್ನುವುದಿಲ್ಲ. ಆದರೆ ತೀರ್ಪಿನ ತಪ್ಪನ್ನು ಸೇತುವೆಯ ಮೇಲೆ ನಿಂತು ಒಪ್ಪಿಕೊಂಡ ಮನುಷ್ಯ ಪಟ್ಟಿಯ ತಪ್ಪನ್ನು ಸಾಯುವ ತನಕ ಒಪ್ಪಲಿಲ್ಲ. ಪ್ರತಿ ಬೇಸಿಗೆ ನಮ್ಮ ಕೊಟ್ಟಿಗೆಯಲ್ಲಿಟ್ಟ ಬಣ್ಣದ ಡಬ್ಬಿ ತೆಗೆದುಕೊಂಡು, ಮುಚ್ಚದ ಕೈಗೆ ಕುಂಚ ಕಟ್ಟಿಸಿಕೊಂಡು, ಅದೇ ಜಾಗಕ್ಕೆ ಅದೇ ಬಿಳಿ ಬಳಿದು ಬರುತ್ತಿದ್ದ.

"ಇಳಸ್ರಿ ಅಣ್ಣಾರ. ಬೀರ್ಯಾ ಮತ್ತ ಹಿಂಡು ಮಾಡ್ಯಾನ, ಮತ್ತ ಗಡ್ಡಿಗೆ ಹೊಂಟಾನ."

"ನಿಶಾಣಿ ಬರೋಬರಿ ಐತಿ. ಆ ವರ್ಷ ಹೊಳಿದ ತಪ್ಪು."

ಕೊನೆಗೆ ಇಚಲಕರಂಜಿಯ ದವಾಖಾನೆಗೆ ಸೇರಿಸಿದಾಗ ಎಸ್‌ಟಿ ಬಸ್ಸು ಹಿಡಿದು ನೋಡಲು ಹೋದೆ. ಮೂಗಿನಲ್ಲಿ ನಳಿಗೆ. ಮಂಚವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಿದ್ದ, ಅಲ್ಲಿ ಕಾಣುತ್ತಿದ್ದದ್ದು ನೀರಿನ ಟಾಕಿ ಒಂದೇ. ನನ್ನನ್ನು ಕಂಡು ಹುಬ್ಬು ಹಾರಿಸಿದ.

"ಪಾಣೀ ಕಸಂ ಹಾಯ?"

"ನೀರು ಇಲ್ಲ. ಬ್ಯಾಸಗಿ. ಪಟ್ಟಿ ಇಳಸ್ಲೇನು?"

ತಲೆ ಅಲ್ಲಾಡಿಸಿದ. ಇಲ್ಲ.

"ಅದು ನನ್ನ ದೀಪ ತಂಗೆವ್ವಾ."

"ಹೌದ್ರಿ. ಅದನ್ನ ನೋಡಿಕೊಂಡ ನನ್ನ ಮಗ ನಿಂತಿದ್ದ."

ಆತ ಟಾಕಿಯ ಕಡೆ ಮುಖ ತಿರುಗಿಸಿದ. ನಾನು ತಂದಿದ್ದ ಮೋಸಂಬಿ ಸುಲಿದು ಆ ತೆರೆದ ಅಂಗೈಯಲ್ಲಿಟ್ಟೆ, ತಿಂದ. ಅದೇ ಕೊನೆಯ ಭೇಟಿ.

ಶೋಕಸಭೆ ನಮ್ಮೂರ ಬೀರದೇವರ ಗುಡಿಯ ಮುಂದೆ ಆಯಿತು. ಎರಡೂ ದಂಡೆಯವರು ಬಂದರು. ಟೊಪ್ಪಿಗೆ ಹಾಕಿದ ಆತನ ದೊಡ್ಡ ಫೋಟೋದ ಬ್ಯಾನರು. ಎಲ್ಲರೂ ಚೆನ್ನಾಗಿ ಮಾತಾಡಿದರು. ಕೊನೆಗೆ ಆ ದಂಡೆಯ ಗೌಡ ಎದ್ದು, ಗಡ್ಡಿಯ ಕಂಬದ ಸುತ್ತ ಕಟ್ಟೆ ಕಟ್ಟೋಣ, ಕಾಕಾ ಹಚ್ಚಿದ ಬಣ್ಣ ಹೇಗಿದೆಯೋ ಹಾಗೇ ಇಡೋಣ, ಅದಕ್ಕೆ ಯಾರೂ ಕೈ ಹಚ್ಚಬಾರದು ಎಂದ. ನಮ್ಮ ಸರಪಂಚ ಎದ್ದು ಹೌದೆಂದ. ಎರಡು ದಂಡೆಯವರು ಬುಟ್ಟಿ ಬಿಡದೆ ಒಂದು ಮಾತಿಗೆ ಒಪ್ಪಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಎದ್ದೆ. "ಬಿಳಿ ಪಟ್ಟಿ ಇಳಸಬೇಕು."

"ಆಯೀ, ಇವತ್ತ ಆ ಮಾತು ಬ್ಯಾಡ್ರಿ."

"ಯಾವತ್ತ ಬೇಕು? ನೀರು ಬಂದ ದಿನಾನ?"

"ಕೂತಕೋ ಅವ್ವಾ," ಎಂದು ಬೀರಪ್ಪನೇ ನನ್ನ ಸೆರಗು ಹಿಡಿದು ಎಳೆದ. ಕೂತೆ. ಹಿಂದಿನ ಸಾಲಿನಲ್ಲಿ ಲಕ್ಕವ್ವ ಕೂತಿದ್ದಳು. ಅವಳ ಕಡೆ ತಿರುಗಿದೆ. ಅವಳು ಕುರಿಗೆ ಗುರುತು ಹಾಕುವ ಕೆಂಪು ಬಣ್ಣ ಅಂಟಿದ ಬೆರಳನ್ನು ನನಗೆ ತೋರಿಸಿದಳು.

ಮರುದಿನ ಬೆಳಗಾಗುತ್ತಲೇ ಕೊಟ್ಟಿಗೆಯಿಂದ ಆತನ ಬಿಳಿ ಡಬ್ಬಿ ತೆಗೆದುಕೊಂಡು ಸಣ್ಣ ಹರಿವಿಗೆ ಇಳಿದೆ. ನೀರು ಮೊಣಕಾಲಿಗೂ ಇರಲಿಲ್ಲ. ಆ ಕಡೆಯಿಂದ ಲಕ್ಕವ್ವ ಸೀರೆ ಎತ್ತಿ ಕಟ್ಟಿ ಕೆಂಪು ಹಿಡಿದು ಬಂದಳು. ಆತನ ಬಿಳಿಯ ಮೇಲೆ ಕೆಂಪು ಬಳಿದೆವು. ಕೆಳಗೆ, ಕಂಬ ನೆಲದಿಂದ ಏಳುವ ಜಾಗದಲ್ಲಿ, ನಾನು ಬಿಳಿ ಬಳಿದೆ. ಮೇಲಿನ ಆತನ ಕೆಂಪನ್ನು ಹಾಗೇ ಬಿಟ್ಟೆವು. ನೀರು ಅಲ್ಲಿಗೆ ಬಂದರೆ ನೋಡಲು ಯಾರೂ ಇರುವುದಿಲ್ಲ. ಅಷ್ಟರಲ್ಲಿ ಬೀರಪ್ಪ ಕುರಿ ಹೊಡೆದುಕೊಂಡು ಬಂದ. ಹಸಿ ಬಣ್ಣಕ್ಕೆ ಅವು ಮೈ ಉಜ್ಜದಂತೆ, ಬಿಸಿಲೇರಿ ಬಿಳಿ ಒಣಗುವ ತನಕ ನಾನು ಕೋಲು ಹಿಡಿದು ಕಂಬದ ಹತ್ತಿರ ನಿಂತೆ.